ಅರ್ಧ ಸುತ್ತು ಸಡಿಲ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮೊದಲು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಪುಟ ತಿರುಗಿಸಿ ಕೊನೆಯ ಸಾಲನ್ನೇ ಮೊದಲು ಓದುತ್ತೀಯ. ನಿನ್ನ ಮೊಮ್ಮಗಳು ಚೆನ್ನಾಗಿದ್ದಾಳೆ. ಇವತ್ತು ಬೆಳಿಗ್ಗೆ ತೂಕ ನೋಡಿಸಿಕೊಂಡು ಬಂದೆವು. ಎರಡು ಕಿಲೋ ಆರುನೂರು ಗ್ರಾಂ. ಶುಕ್ರವಾರ ಎರಡು ಕಿಲೋ ನಾನೂರ ಎಂಬತ್ತಿತ್ತು. ಮೂರೇ ದಿನಕ್ಕೆ ನೂರಿಪ್ಪತ್ತು ಗ್ರಾಂ! ಈಗ ಹೊಟ್ಟೆ ತುಂಬಿ ನನ್ನ ಎಡತೋಳಿನ ಮೇಲೆ ನಿದ್ದೆ ಹೋಗಿದ್ದಾಳೆ. ಕಾಗದ ಹಿಡಿಯಲು ಕೈ ಇಲ್ಲ, ಅದಕ್ಕೇ ಅಕ್ಷರ ಸೊಟ್ಟಗಿದೆ.

ಹನ್ನೆರಡು ದಿನದಿಂದ ನಾನು ಫೋನು ಎತ್ತಲಿಲ್ಲ ಅಂತ ನಿನಗೆ ಸಿಟ್ಟು ಬಂದಿರಬೇಕು. ಬರಲಿ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ಮೂರು ಉತ್ತರ ಕೊಟ್ಟಿರುತ್ತೀಯ. ಕಾಗದಕ್ಕೆ ಅಡ್ಡಬಾಯಿ ಹಾಕೋಕಾಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೇಳಿದಾಗಲೆಲ್ಲ ಚೆನ್ನಾಗಿ ಕುಡೀತಾಳೆ ಅಂತ ಹೇಳುತ್ತಿದ್ದೆನಲ್ಲ, ಅದು ಸುಳ್ಳು. ಹೆರಿಗೆಯಾದ ಮೇಲೆ ನನಗೆ ಸೋಂಕಾಗಿ, ಆ ಔಷಧಿ ತೆಗೆದುಕೊಳ್ಳುವಷ್ಟು ದಿನ ಎದೆಹಾಲು ಬೇಡವೆಂದರು. ಔಷಧಿ ಮುಗಿಯುವ ಹೊತ್ತಿಗೆ ಹಾಲೂ ಬತ್ತಿತ್ತು. ಬಾಟಲಿಯೇ ಗತಿಯಾಯಿತು. ಬಾಟಲಿಯ ವಿಷಯ ಹೇಳಿದ ದಿನ ನೀನು, ನಿನ್ನನ್ನ ಎರಡು ವರ್ಷ ನನ್ನ ಹಾಲಲ್ಲೇ ಬೆಳೆಸಿದೀನಿ ಕಣೇ, ಬಾಟ್ಲಿ ಮುಖ ನೋಡಿಲ್ಲ ನೀನು ಅಂದೆ. ಚುಚ್ಚಬೇಕೆಂದು ಅನ್ನಲಿಲ್ಲ, ಗೊತ್ತು. ಆದರೆ ಚುಚ್ಚಿತು. ಅವತ್ತು ಇಟ್ಟ ಫೋನು ಮತ್ತೆ ಎತ್ತಲಿಲ್ಲ.

ಇವಳು ಕುಡಿಯುವ ಪರಿ ನೀನು ನೋಡಬೇಕಿತ್ತು. ಬಾಯಿಗೆ ಇಟ್ಟ ತಕ್ಷಣ ಹಸಿದವಳ ಹಾಗೆ ನಾಲ್ಕು ಗುಟುಕು. ಆಮೇಲೆ ಎಳೆಯುತ್ತಾಳೆ, ಎಳೆಯುತ್ತಾಳೆ, ಕೆನ್ನೆ ಒಳಗೆ ಹೋಗುತ್ತದೆ, ಹಾಲು ಮಾತ್ರ ಇಳಿಯುವುದಿಲ್ಲ. ಮುಖ ಕೆಂಪಗಾಗಿ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಬಾಟಲಿಯನ್ನು ನಾಲಗೆಯಿಂದ ನೂಕಿ ಒಂದೇ ಸಮ ಅಳು. ಒಂದೂವರೆ ಗಂಟೆ ಕೂತರೂ ಮೂವತ್ತು ಮಿಲಿ ಖಾಲಿಯಾಗದು. ಅಷ್ಟರಲ್ಲಿ ಸುಸ್ತಾಗಿ ಮಲಗಿಬಿಡುವಳು. ಮೂರು ಥರದ ನಿಪ್ಪಲ್ಲು ತಂದೆ. ಹಾಲು ಬಿಸಿ ಮಾಡಿ ನೋಡಿದೆ, ಆರಿಸಿ ನೋಡಿದೆ. ಅಡುಗೆಮನೆ, ಮಲಗುವ ಕೋಣೆ, ಮೆಟ್ಟಿಲು, ಕೂರದ ಜಾಗವಿಲ್ಲ.

ಇಷ್ಟಾದರೂ ಸಂಜೆ ನಿನ್ನ ಅಳಿಯ ಗೋಡೆಗೆ ಬಣ್ಣ ಬಳಿಯುವ ಕೆಲಸ ಮುಗಿಸಿ ಬಂದು, ಕೈ ತೊಳೆದು, ಒಂದು ಬಾಟಲಿ ಕಲಸಿಕೊಂಡು ಕೂತರೆ ಇಪ್ಪತ್ತೇ ನಿಮಿಷ. ಪೂರ್ತಿ ಖಾಲಿ! ಅವರ ಬಾಟಲಿ ಯಾವಾಗಲೂ ಸೋರುತ್ತದೆ, ಮಗುವಿನ ಕುತ್ತಿಗೆ, ಅವರ ಅಂಗಿ ಎಲ್ಲ ಹಾಲು. ಒಂದು ಮುಚ್ಚಳ ನೆಟ್ಟಗೆ ಹಾಕೋಕೆ ಬರಲ್ವಾ ನಿಮಗೆ ಅಂತ ನಾನು ದಿನಾ ಬೈಯುತ್ತಿದ್ದೆ. ಅವರು ಇವಳನ್ನು ಕರೆಯುವುದೇ ಮೇಡಂ ಅಂತ. ಮೇಡಂಗೆ ನನ್ನ ಹಾಡು ಹಿಡಿಸಿದೆ, ನೀನೂ ಹಾಡು ಅನ್ನುವರು. ಅವರ ಹಾಡು ಕೇಳಿದರೆ ಓಡುವ ಬಸ್ಸೂ ನಿಂತೀತು.

ನಗಬೇಡ, ನಾನು ಹಾಡಿದೆ. ಅವರ ಬಣ್ಣದ ವಾಸನೆಯ ಹಳೇ ಅಂಗಿ ಹಾಕಿಕೊಂಡು ಅದೇ ಹಾಡು ಹಾಡುತ್ತಾ ಕುಡಿಸಲು ನೋಡಿದೆ. ಆಗಲೂ ನಾಲ್ಕು ಗುಟುಕು, ಆಮೇಲೆ ಅಳು. ಅವತ್ತು ನನಗೆ ಖಾತ್ರಿಯಾಯಿತು, ಇವಳಿಗೆ ನಾನೇ ಬೇಡ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣಕ್ಕೂ ಹೆತ್ತವರು ಮುದ್ದಾಗಿರಬೇಕಲ್ಲ ಅಂತ ಅನ್ನಿಸಿ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಹುಟ್ಟಿದಾಗ ಎರಡು ಕಿಲೋ ಏಳುನೂರು ಇದ್ದವಳು ಇಳಿಯುತ್ತಲೇ ಹೋದಳು. ಶುಕ್ರವಾರದೊಳಗೆ ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ನಳಿಗೆ ಹಾಕಿ ಹಾಲು ಕೊಡುತ್ತೇವೆ ಅಂತ ಡಾಕ್ಟರು ಹೇಳಿದ್ದರು. ಶುಕ್ರವಾರ ಹೋದೆವು. ಏರಿರಲಿಲ್ಲ. ಡಾಕ್ಟರು ಸೇರಿಸುವ ಚೀಟಿ ಬರೆಯಲು ಶುರು ಮಾಡಿದರು.

ಅಲ್ಲಿ ಮಕ್ಕಳ ತೂಕ ನೋಡುವ ನರ್ಸಮ್ಮ ಒಬ್ಬರಿದ್ದಾರೆ, ಎಲ್ಲರೂ ತೂಕದಕ್ಕ ಅನ್ನುತ್ತಾರೆ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಅವರು, ಚೀಟಿ ಎಲ್ಲಿಗೆ ಹೋಗುತ್ತೆ ಡಾಕ್ಟ್ರೇ, ಈಯಮ್ಮ ಹೆಂಗೆ ಕುಡಿಸ್ತಾಳೆ ಒಂದು ಸಲ ನೋಡ್ತೀನಿ ಅಂದರು. ನಾನು ಮನೆಯಿಂದ ತಂದಿದ್ದ ಬಾಟಲಿ ತೆಗೆದು ಕುಡಿಸಲು ಕೂತೆ. ನಾಲ್ಕು ಗುಟುಕು. ಆಮೇಲೆ ಕೆನ್ನೆ ಒಳಗೆ, ಮುಖ ಕೆಂಪು, ಅಳು. ಅವರು ಬಗ್ಗಿ ಬಾಟಲಿ ಹೊರಗೆಳೆದರು. ನಿಪ್ಪಲ್ಲು ಚಪ್ಪಟೆಯಾಗಿ ಅಂಟಿಕೊಂಡಿತ್ತು. ನಾನು ಇಷ್ಟು ದಿನ ಇವಳ ಮುಖ ನೋಡಿದ್ದೆನೇ ಹೊರತು ನಿಪ್ಪಲ್ಲು ನೋಡಿರಲಿಲ್ಲ.

ನಿಪ್ಪಲ್ಲನ್ನು ಹಿಡಿದು ಕೂರಿಸುವ ಬಳೆಯಂಥ ಮುಚ್ಚಳ ಇರುತ್ತದಲ್ಲ, ಅದನ್ನು ತಿರುಗಿಸಲು ಹೋದರು. ಅಲ್ಲಾಡಲಿಲ್ಲ. ಟವೆಲ್ಲಿನ ತುದಿ ಸುತ್ತಿ, ಹಲ್ಲು ಕಚ್ಚಿ ಒಂದು ಅರ್ಧ ಸುತ್ತು ಸಡಿಲ ಮಾಡಿದರು. ಟುಸ್ ಅಂದಿತು. ಮತ್ತೆ ಬಾಯಿಗಿಟ್ಟರು. ಅಮ್ಮಾ, ಬಾಟಲಿಯೊಳಗೆ ಗುಳುಗುಳು ಅಂತ ಗುಳ್ಳೆ ಏಳತೊಡಗಿತು. ಇವಳು ಕಣ್ಣರಳಿಸಿ, ಮುಷ್ಟಿ ಬಿಚ್ಚಿ, ನಿಲ್ಲಿಸದೆ ಕುಡಿದಳು. ಅರವತ್ತು ಮಿಲಿ, ನನ್ನ ಮಡಿಲಲ್ಲೇ, ನನ್ನ ಕೈಯಲ್ಲೇ.

ಉಸಿರು ಕಟ್ಟಿದ್ದು ಮಗುಗಲ್ಲಮ್ಮ, ಬಾಟ್ಲಿಗೆ ಅಂದರು ತೂಕದಕ್ಕ. ಒಳಗೆ ಗಾಳಿ ಹೋಗದೆ ಹಾಲು ಹೊರಗೆ ಹೆಂಗೆ ಬರುತ್ತೆ, ಯಾವ ಪೈಲ್ವಾನ ತಿರುಗಿಸಿದ್ದು ಇದನ್ನ ಅಂತ ನಿನ್ನ ಅಳಿಯನ ಕಡೆ ತಿರುಗಿದರು. ಇವರು ಬೆರಳು ಮಾಡಿ ನನ್ನನ್ನು ತೋರಿಸಿದರು. ಏನು ಕೆಲಸ ಮಾಡ್ತೀಯ ಅಂತ ತೂಕದಕ್ಕ ನನ್ನನ್ನು ಕೇಳಿದರು. ಹೇಳಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ನಿನಗೆ ಗೊತ್ತಲ್ಲ, ಹನ್ನೊಂದು ವರ್ಷ ಔಷಧಿ ಕಾರ್ಖಾನೆಯ ಮುಚ್ಚಳದ ಮೇಜಿನಲ್ಲಿ ನಿಂತವಳು ನಾನು. ಸಿರಪ್ಪಿನ ಬಾಟಲಿ ಬಂದ ಹಾಗೆ ಒಂದು ಬಿಗಿ ಕೊಟ್ಟು, ಕಾಗದದ ಮೇಲೆ ತಲೆಕೆಳಗೆ ಇಟ್ಟು, ಹನಿ ಇಳಿಯದಿದ್ದರೆ ಮುಂದಕ್ಕೆ. ನನ್ನ ಕೈ ದಾಟಿದ ಬಾಟಲಿ ಸೋರಿದ್ದಿಲ್ಲ. ಹೊಸ ಹುಡುಗಿಯರಿಗೆ ಮೇಲ್ವಿಚಾರಕರು ನನ್ನ ಕೈಯನ್ನೇ ತೋರಿಸುತ್ತಿದ್ದರು. ಅದೇ ಕೈ ಮನೆಯಲ್ಲಿ ದಿನಕ್ಕೆ ಏಳು ಬಾಟಲಿ ಬಿಗಿದು, ತಲೆಕೆಳಗೆ ಮಾಡಿ ನೋಡಿ, ಮಗುವಿಗೆ ಕೊಡುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇದಕ್ಕೇ. ಮುಚ್ಚಳ ಹಾಕಲು ಬಾರದ ಗಂಡ ಮಗುವಿನ ಹೊಟ್ಟೆ ತುಂಬಿಸುತ್ತಿದ್ದ, ನಾನು ಅವನನ್ನು ಬೈಯುತ್ತಿದ್ದೆ.

ನಾಚಿಕೆಯಾಯಿತು ಅಮ್ಮಾ. ಆದರೆ ನಾಚಿಕೆಗಿಂತ ಹತ್ತು ಪಾಲು ಖುಷಿಯಾಯಿತು. ಇವಳಿಗೆ ನಾನು ಬೇಡವಾಗಿರಲಿಲ್ಲ. ಹಾಲು ಬರುತ್ತಿರಲಿಲ್ಲ, ಅಷ್ಟೇ. ಡಾಕ್ಟರು ಬರೆದ ಚೀಟಿಯನ್ನು ಮಡಚಿ ಪಕ್ಕಕ್ಕಿಟ್ಟು, ಸೋಮವಾರ ಬನ್ನಿ ನೋಡೋಣ ಅಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಪಕ್ಕದವರನ್ನು ಕೇಳಬೇಕು.

ಈಗಲೂ ಮೇಡಂ ಅವಸರದವರಲ್ಲ. ಅರ್ಧ ಗಂಟೆ ಬೇಕು. ನಡುವೆ ಒಮ್ಮೆ ಸಿಡುಕುತ್ತಾಳೆ, ಹೆಗಲಿಗೆ ಹಾಕಿ ಬೆನ್ನು ಸವರಿದರೆ ತೇಗಿ ಮತ್ತೆ ಬಾಯಿ ತೆರೆಯುತ್ತಾಳೆ. ಬಾಯಿಯ ಅಂಚಿನಲ್ಲಿ ಒಂದು ಹನಿ ಸೋರುತ್ತದೆ. ನನ್ನ ಕೈ ತುರಿಸುತ್ತದೆ, ತಡೆದುಕೊಳ್ಳುತ್ತೇನೆ. ನಿನ್ನ ಅಳಿಯನಿಗೆ ಮಾತ್ರ ಬೇಸರ, ನನ್ನ ಹಾಡಿಗೆ ಏನೂ ಬೆಲೆ ಇರಲಿಲ್ಲ ಅಂತಾಯ್ತಲ್ಲ ಅಂತ. ಅಪ್ಪನ ಕಣ್ಣಿನ ಆಪರೇಷನ್ ಆಗಿ ನೀನು ಅಲ್ಲಾಡದ ಹಾಗಾಗಿದೆ, ಅದೂ ಗೊತ್ತು. ಸಂಜೆ ಫೋನು ಮಾಡು, ಎತ್ತುತ್ತೇನೆ.

ನಿನ್ನ ಮಗಳು,
ಮೇಡಂ ಅವರ ತಾಯಿ

ತಾ.ಕ.: ಗುರುವಾರ ನಿನಗೆ ಇನ್ನೊಂದು ಕಾಗದ ಬರೆದು, ಅಂಟಿಸಿ, ವಿಳಾಸ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ. ಮರುದಿನ ಆಸ್ಪತ್ರೆಯಿಂದ ಬರುವಾಗ ಅಂಚೆ ಡಬ್ಬಿಗೆ ಹಾಕುವವಳಿದ್ದೆ. ಇವರಿಗೂ ಹೇಳಿರಲಿಲ್ಲ. ಅದರಲ್ಲಿ ಎರಡೇ ಸಾಲು ಇತ್ತು: ಬಂದು ಇವಳನ್ನು ಕರೆದುಕೊಂಡು ಹೋಗು, ನಿನ್ನ ಹತ್ತಿರವಾದರೂ ಬದುಕಲಿ. ನನ್ನ ಕೈಯಲ್ಲಿ ಇವಳು ಉಳಿಯುವುದಿಲ್ಲ. ಅದನ್ನು ಇವತ್ತು ಹರಿದು ಹಾಕಿದೆ. ಅಪ್ಪನ ಕಣ್ಣಿನ ಪಟ್ಟಿ ಬಿಚ್ಚಿದ ಕೂಡಲೇ ಬಾ ಅಮ್ಮಾ, ಎಷ್ಟು ದಿನ ಬೇಕಾದರೂ ಇರು. ಹೋಗುವಾಗ ಮಾತ್ರ ನೀನೊಬ್ಬಳೇ ಹೋಗಬೇಕು. ಇವಳನ್ನು ನಾನು ಕೊಡುವುದಿಲ್ಲ.