ಏಳನೆಯ ಮಣೆ

೨೧೬೩, ಫೆಬ್ರವರಿ ೩೧

ಸಿಂಚನಜ್ಜಿಗೆ,

ತಾರೀಖು ತಪ್ಪಿ ಬರೆದದ್ದಲ್ಲ. ಓದುವವರಿಗೆ ದಿನ ಸಾಲುವುದಿಲ್ಲವೆಂದು ನಮ್ಮ ವಿಶ್ವವಿದ್ಯಾಲಯ ಪರೀಕ್ಷೆಯ ತಿಂಗಳಿಗೆ ಮೂರು ದಿನ ಸೇರಿಸಿಕೊಂಡಿದೆ. ನೀವು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಕಾಗದ ಓದುವಾಗ ನಿಮಗೆ ಹತ್ತೊಂಬತ್ತು, ನನಗೆ ಇಪ್ಪತ್ತು. ಅಜ್ಜಿ ಎನ್ನಲೋ ತಂಗಿ ಎನ್ನಲೋ ತಿಳಿಯದೆ ಅಜ್ಜಿ ಎಂದೇ ಕರೆದಿದ್ದೇನೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು.

ನಾವಿಲ್ಲಿ ಅಂಕಪಂಕ್ತಿಯಲ್ಲಿ ಉಣ್ಣುತ್ತೇವೆ. ಹೆಚ್ಚು ಅಂಕ ಬಂದವಳು ಮೊದಲ ಮಣೆಯಲ್ಲಿ, ಕಡಿಮೆ ಬಂದವಳು ನೂರಿಪ್ಪತ್ತನೆಯದರಲ್ಲಿ. ಬೆಳಿಗ್ಗೆ ಕಿರುಪರೀಕ್ಷೆ, ಮಧ್ಯಾಹ್ನದ ಊಟಕ್ಕೆ ಹೊಸ ಜಾಗ. ಯಾರಾದರೂ ಕೆಳಗಿಳಿದೋ ಬಾರದೆಯೋ ನಡುವೆ ಮಣೆ ಖಾಲಿಯಾದರೆ ಬಡಿಸುವ ಸೇವಂತಿಬಾಯಿ ‘ಜರುಗ್ರವ್ವಾ’ ಎನ್ನುತ್ತಾರೆ, ಹಿಂದಿನವರೆಲ್ಲ ಒಂದೊಂದು ಮಣೆ ಮುಂದೆ ಸರಿಯುತ್ತೇವೆ. ಹಿಂದೆ ತಿರುಗಿ ನೋಡುವಂತಿಲ್ಲ, ಕೆಳಗಿಳಿದವಳಿಗೆ ಅವಮಾನವಾಗುತ್ತದೆಂದು ಮೊದಲ ದಿನವೇ ಕಲಿಸುತ್ತಾರೆ. ಹಳೆಯ ಕಾಲದ ಪಂಕ್ತಿಭೇದದ ಪಾಠ ಓದಿ ನಾವು ಛೀ ಎನ್ನುತ್ತೇವೆ. ಅದರ ಮೇಲೇ ಉತ್ತರ ಬರೆದು, ಬಂದ ಅಂಕದ ಪ್ರಕಾರ ಊಟಕ್ಕೆ ಕೂರುತ್ತೇವೆ.

ಕಿರುಪರೀಕ್ಷೆ ದಿನವೂ ಇದ್ದರೂ ಏಳನೆಯ ಮಣೆ ಹೆಚ್ಚಾಗಿ ನೀಲವ್ವನದು, ಎಂಟನೆಯದು ನನ್ನದು. ಹಳೆಯ ಹೆಸರುಗಳು ನಮ್ಮ ಕಾಲಕ್ಕೆ ಮತ್ತೆ ಬಂದಿವೆ. ಅವಳು ಗದಗಿನ ಕಡೆಯ ಹುಡುಗಿ. ನಾನು ಎಡಗೈಯಲ್ಲಿ ಪುಸ್ತಕ ಹಿಡಿದು ಉಣ್ಣುತ್ತಿದ್ದರೆ ಕಸಿದು ಪಕ್ಕಕ್ಕಿಟ್ಟು, ‘ಮೊದ್ಲ ಉಣ್ಣು, ಲೆಕ್ಕ ಎಲ್ಲಿ ಓಡಿ ಹೊಕ್ಕಾವು’ ಎನ್ನುತ್ತಿದ್ದಳು. ಎರಡು ವರ್ಷದಿಂದ ಅವಳ ಮಣೆಯ ಮೇಲೆ ನನ್ನ ಕಣ್ಣಿತ್ತು. ಅದು ಗೊತ್ತಿದ್ದೂ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಡುತ್ತಿದ್ದಳು.

ಹೋದ ಸೋಮವಾರ ಅವಳು ಕಾಣಲಿಲ್ಲ. ಸೇವಂತಿಬಾಯಿ ಜರುಗ್ರವ್ವಾ ಎಂದರು, ಜರುಗಿದೆ. ಅಂಕ ಇಳಿದು ಹಿಂದೆಲ್ಲೋ ಕೂತಿದ್ದಾಳೆ ಎಂದುಕೊಂಡೆ. ನಾನು ನೋಡಿದರೆ ನೊಂದುಕೊಳ್ಳುತ್ತಾಳೆಂದು ನಾಲ್ಕು ದಿನ ತಿರುಗಲಿಲ್ಲ. ಕೋಣೆಗೂ ಹೋಗಲಿಲ್ಲ, ಸೋತವಳ ಬಾಗಿಲು ಬಡಿಯುವುದು ನಮ್ಮಲ್ಲಿ ಹಂಗಿಸಿದ ಹಾಗೆ. ಇನ್ನೊಂದು ನಿಜವನ್ನೂ ಹೇಳಬೇಕು. ಆ ಮಣೆಯ ಮೇಲೆ ಕೂತಾಗ ನನಗೆ ಸಂತೋಷವಾಗಿತ್ತು.

ಐದನೆಯ ದಿನ ಬಾಗಿಲು ಒಡೆದರು. ಜ್ವರವಂತೆ. ಮೊದಲ ದಿನವೇ ಯಾರಾದರೂ ನೋಡಿದ್ದರೆ ಉಳಿಯುತ್ತಿದ್ದಳು ಎಂದರು ವೈದ್ಯರು. ನೋಡುವುದೆಲ್ಲಿ? ಸಾಲಿನ ನಡುವೆ ಎಲ್ಲೂ ತೆರವಿರಲಿಲ್ಲ. ಖಾಲಿಯಾದದ್ದು ನೂರಿಪ್ಪತ್ತನೆಯ ಮಣೆ, ಅತ್ತ ಯಾರೂ ತಿರುಗುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳಿಲ್ಲದೆ ನನಗೆ ಅನ್ನ ಇಳಿಯುತ್ತಿಲ್ಲ ಅಜ್ಜಿ.

ಈ ಪದ್ಧತಿಯನ್ನು ಯಾರೂ ನಮ್ಮ ಮೇಲೆ ಹೇರಲಿಲ್ಲ. ನಿಮ್ಮ ಹಾಸ್ಟೆಲಿನಲ್ಲಿ, ಫಲಿತಾಂಶ ಬಂದ ಮಧ್ಯಾಹ್ನ, ತಮಾಷೆಗೆ ಶುರುವಾಯಿತು. ಅಂದಿನ ಫೋಟೊ ನಮ್ಮ ಮನೆಯಲ್ಲಿದೆ. ತಟ್ಟೆ ಮುಂದಿಟ್ಟುಕೊಂಡು ಒಂಬತ್ತು ಹುಡುಗಿಯರು ಅಂಕದ ಪ್ರಕಾರ ಕೂತು ನಗುತ್ತಿದ್ದೀರಿ. ನಿಮ್ಮ ಪಕ್ಕದ ಕುರ್ಚಿಯೊಂದು ಖಾಲಿ ಇದೆ. ಅದು ಯಾರದೆಂದು ಮನೆಯಲ್ಲಿ ಯಾರಿಗೂ ತಿಳಿಯದು.

ನಿಮಗೆ ಆ ಮಧ್ಯಾಹ್ನ ಇನ್ನೂ ಬಂದಿಲ್ಲ. ಫೋಟೊ ತೆಗೆದಾದ ಮೇಲೆ ಯಾರಾದರೂ ಆ ಕುರ್ಚಿಗೆ ಜರುಗು ಎಂದರೆ ಜರುಗಬೇಡಿ. ತಟ್ಟೆ ಬಿಟ್ಟು ಏಳಿ. ಎಂಜಲುಗೈಯಲ್ಲೇ ಹೋಗಿ ಅವಳ ಬಾಗಿಲು ಬಡಿಯಿರಿ.

ನಿಮ್ಮ ಕುಡಿ,
ಹೊನ್ನವ್ವ
ಏಳನೆಯ ಮಣೆ