ಮುಗಿಲು ನೋಡಲು ಒಬ್ಬರು

ನವೆಂಬರ್ 4, ಮಂಗಳವಾರ. ಧಾರವಾಡ, ಬೆಳಿಗ್ಗೆ

ಬ್ಯಾಟರಿಗಳು ಚಾರ್ಜ್ ಆಗುತ್ತಿವೆ. ಡ್ರೋನಿನ ಪಂಖಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ ನೋಡಿದೆ. ಸೀಳಿಲ್ಲ. ಗುರುವಾರ ಹಳೇ ಹುಬ್ಬಳ್ಳಿಯಲ್ಲಿ ಕೆಲಸ — ಹತ್ತಿ ಗೋದಾಮಿನ ಛಾವಣಿಯ ಫೋಟೊ, ಸೋಲಾರ್ ಪ್ಯಾನೆಲ್ ಕೂರಿಸುವುದಕ್ಕೆ. ಗುರುಬಸವ ಇಲ್ಲದೆ ಇದು ಮೊದಲನೆಯದು. ವಿಜಯಪುರದಲ್ಲಿ ಬೇರೆ ನೌಕರಿ ಹಿಡಿದ.

ಅವನ ಕೆಲಸ ಇಷ್ಟೇ: ನಾನು ಸ್ಕ್ರೀನ್ ನೋಡುವಾಗ ಅವನು ಮುಗಿಲು ನೋಡುವುದು. ತಂತಿ, ಹದ್ದು, ಗಾಳಿಪಟ, ಏನು ಬಂದರೂ ಹೇಳುವುದು. ಏನೂ ಬರದಿದ್ದಾಗಲೂ ಹೇಳುತ್ತಲೇ ಇರುತ್ತಿದ್ದ. ಮನೆಯ ಎಮ್ಮೆ, ಅತ್ತಿಗೆಯ ಅಡುಗೆ. ಸುಮ್ಮನಿರು ಎಂದು ಎಷ್ಟೋ ಸಲ ಗದರಿದ್ದೇನೆ.

ಆಫೀಸಿನ ಮಾಲೀಕ ಸೌರಭನಿಗೆ ಇನ್ನೊಬ್ಬರು ಬೇಕು ಎಂದೆ. ಡ್ರೋನಿಗೇ ಸೆನ್ಸರ್ ಇದೆಯಲ್ಲ ಎಂದ. ಮುಂದೆ ಇದೆ, ಕೆಳಗೆ ಇದೆ. ಮೇಲೆ ಇಲ್ಲ. ಅಷ್ಟನ್ನು ಹೇಳುವಷ್ಟರಲ್ಲಿ ಫೋನ್ ಇಟ್ಟಿದ್ದ.

ಸಂಜೆ

ಪೋರ್ಚುಗೀಸಿನಿಂದ ಬಂದ ಕಾದಂಬರಿ, ಅರ್ಧ ಆಗಿದೆ. ಅನುವಾದ ಒಳ್ಳೆಯದೇ. ಆದರೆ ಎಲ್ಲರೂ ಮಾತುಮಾತಿಗೆ ಭುಜ ಹಾರಿಸುತ್ತಾರೆ. ನಮ್ಮಲ್ಲಿ ಯಾರು ಭುಜ ಹಾರಿಸುತ್ತಾರೆ? ಇದನ್ನು ಹೇಳಿ ನಗಲು ಯಾರೂ ಇಲ್ಲ. ಅಂಚಿನಲ್ಲಿ ಪೆನ್ಸಿಲ್ ಗುರುತು ಮಾಡಿದೆ.

ನವೆಂಬರ್ 6, ಗುರುವಾರ

ಡ್ರೋನ್ ಬಿತ್ತು. ಮನುಷ್ಯರಿಗೆ ಏನೂ ಆಗಿಲ್ಲ.

ಗೋದಾಮಿನ ಅಂಗಳದಿಂದ ಹಾರಿಸಿದ್ದೆ. ಫೋಟೊ ಎಲ್ಲ ಮುಗಿದು ರಿಟರ್ನ್ ಬಟನ್ ಒತ್ತಿದೆ. ಒತ್ತಿದರೆ ಅದು ಮೊದಲು ನೇರ ಮೇಲಕ್ಕೇರುತ್ತದೆ, ಆಮೇಲೆ ತಿರುಗಿ ಬರುತ್ತದೆ. ಒತ್ತುವ ಮುಂಚೆ ತಲೆ ಎತ್ತಿ ನೋಡಬೇಕು. ಎಲ್ಲೋ ಯಾರೋ ಸಿಳ್ಳೆ ಹಾಕುತ್ತಿದ್ದರು. ಮತ್ತೆ ಮತ್ತೆ. ನಾನು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ಒಮ್ಮೆ ಬಿಳಿ, ಒಮ್ಮೆ ಕಂದು — ಆಮೇಲೆ ಗರಗರ ತಿರುಗುವ ಮಾಳಿಗೆ.

ಬಿದ್ದದ್ದು ಹಿಂದಿನ ಓಣಿಯ ಮನೆಯ ಮೇಲೆ. ಯಾಕೂಬಸಾಬ ಎಂಬ ಮುದುಕರು, ಪಾರಿವಾಳ ಸಾಕಿದ್ದಾರೆ. ಡ್ರೋನ್ ಏರಿದ್ದು ಅವುಗಳ ಹಿಂಡಿನೊಳಕ್ಕೆ. ಮೆಟ್ಟಿಲು ಹತ್ತಿ ಹೋದಾಗ ಒಂದು ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ರೆಕ್ಕೆ ಹರಿದಿತ್ತು.

ನಾನು ಮೊದಲು ಕೇಳಿದ್ದು ಉಸುಕು. ಬ್ಯಾಟರಿ ಉಬ್ಬಿತ್ತು, ಹೊತ್ತಿಕೊಳ್ಳಬಹುದಿತ್ತು. ಅವರ ಹೆಂಡತಿ ರೆಹಮತ್‌ಬಿ, ಹಕ್ಕಿಯ ರಕ್ತ ಸುರಿಯುತ್ತಿದ್ದರೆ ಇವರಿಗೆ ಉಸುಕು ಬೇಕಂತೆ ಎಂದು ನನಗೆ ಕೇಳುವಂತೆ ಗಂಡನಿಗೆ ಹೇಳಿದರು. ಆದರೂ ಬುಟ್ಟಿಯಲ್ಲಿ ತಂದು ಸುರಿದರು. ಬ್ಯಾಟರಿ ಬಿಚ್ಚಿ ಅದರಲ್ಲಿ ಹುಗಿದೆ.

ಯಾಕೂಬಸಾಬ ಬೈಯಲಿಲ್ಲ.

"ಸಿಳ್ಳಿ ಹೊಡದ್ನಲ್ರಿ. ತಲಿ ಯಾಕ ಎತ್ತಲಿಲ್ಲ ನೀವು?"

"ಮತ್ಯಾರಿಗೋ ಅನ್ಕೊಂಡ್ನಿ."

"ಆ ಅಂಗಳದಾಗ ನೀವೊಬ್ಬರ ಇದ್ರಿ, ಸಾಹೇಬ್ರ."

ನವೆಂಬರ್ 7, ಶುಕ್ರವಾರ

ಸೌರಭನಿಗೆ ನಡೆದದ್ದು ನಡೆದ ಹಾಗೆ ಹೇಳಿದೆ. ಡ್ರೋನಿನ ಫೋಟೊ ಕೇಳಿದ. ಹಕ್ಕಿಯ ಬಗ್ಗೆ ಕೇಳಲಿಲ್ಲ. ಇನ್ನೊಂದು ಡ್ರೋನ್ ಇದೆ, 17ರಂದು ಗಬ್ಬೂರಿನಲ್ಲಿ ಮೆಣಸಿನಕಾಯಿ ಗೋದಾಮು, ತಯಾರಾಗಿರಿ ಎಂದ. ಆ ಜಾಗ ಗೊತ್ತು. ಅಂಗಳದ ತುಂಬ ಹೆಂಗಸರು ಕೂತು ತೊಟ್ಟು ಮುರಿಯುತ್ತಾರೆ, ಕೂಸುಗಳು ಪಕ್ಕದಲ್ಲೇ ಮಲಗಿರುತ್ತವೆ.

ಈ ಸಲ ಹಕ್ಕಿ.

ನವೆಂಬರ್ 9, ಭಾನುವಾರ

ಯಾಕೂಬಸಾಬರ ಮನೆಗೆ ಜೋಳ ತೆಗೆದುಕೊಂಡು ಹೋಗಿದ್ದೆ. ಹಕ್ಕಿ ಬುಟ್ಟಿಯಲ್ಲಿತ್ತು, ರೆಕ್ಕೆಗೆ ಅರಿವೆ ಸುತ್ತಿದ್ದರು. ಕೂತ್ಕೊಳ್ರಿ ಎಂದರು. ಕೂರದೆ ಬಂದೆ. ಬಸ್ಸಿನಲ್ಲಿ ಪುಸ್ತಕ ತೆರೆದೆ, ಒಂದೇ ಪುಟವನ್ನು ನವನಗರದವರೆಗೂ ಓದಿದೆ.

ನವೆಂಬರ್ 14, ಶುಕ್ರವಾರ

ಇವತ್ತು ಕೂತೆ.

ಹಕ್ಕಿ ಇನ್ನು ಹಾರುವುದಿಲ್ಲವಂತೆ. ಕಾಳು ತಿನ್ನುತ್ತದೆ, ಅಡ್ಡಾಡುತ್ತದೆ. ಉಳಿದವು ಏರಿದಾಗ ಇದೂ ಕುತ್ತಿಗೆ ಎತ್ತುತ್ತದೆ. ನಾನು ನೋಡಲಾರದೆ ಕೆಳಗೆ ನೋಡಿದೆ.

ಯಾಕೂಬಸಾಬ ಮಾತಾಡುವಾಗಲೂ ನನ್ನ ಕಡೆ ತಿರುಗುವುದಿಲ್ಲ, ಕಣ್ಣು ಮೇಲೇ. ರೆಹಮತ್‌ಬಿ ಚಹಾ ತಂದವರು ಹೇಳಿದರು: "ಲಗ್ನದ ದಿನಾನೂ ನನ್ನ ಮಾರಿ ನೋಡಲಿಲ್ರಿ ಇವರು. ಮುಗಿಲ ನೋಡ್ಕೋತ ಕುಂತಿದ್ರು." ಮುದುಕರು, ಆಗ ನೋಡಿದ್ದರೆ ಎದ್ದು ಓಡಿಹೋಗುತ್ತಿದ್ದೆ ಎಂದರು. ಆಕೆ ಕಪ್ಪನ್ನು ನನ್ನ ಮುಂದೆ ಮೆಲ್ಲಗೆ, ಅವರ ಮುಂದೆ ಕುಕ್ಕಿ ಇಟ್ಟರು. ನಕ್ಕೆ. ನನ್ನ ನಗು ನನಗೇ ಜೋರಾಗಿ ಕೇಳಿತು.

ಆಮೇಲೆ ಆಕೆಯೇ ಕೇಳಿದರು. "ಅದನ್ನ ಹಾರಸೂಮುಂದ ನಿಮ್ಮ ಜೋಡಿ ಯಾರೂ ಇರೂದಿಲ್ಲೇನ್ರಿ?"

ಇಲ್ರಿ ಎಂದೆ.

ನವೆಂಬರ್ 15, ಶನಿವಾರ

ಸೌರಭನ ಫೋನ್. ಸೋಮವಾರ ಪಕ್ಕಾ. ಇನ್ನೊಬ್ಬರಿಲ್ಲದೆ ಹಾರಿಸುವುದಿಲ್ಲ ಎಂದೆ. ಈ ಸಲ ಅವನು ಫೋನ್ ಇಡುವ ಮುಂಚೆಯೇ ಹೇಳಿದೆ.

"ಹಂಗಾದ್ರ ನೀವ ಕರಕೊಂಡ ಬರ್ರಿ ಸರ್. ನಿಮ್ಮ ಗುರ್ತಿನವರು ಯಾರರ ಇದ್ದ ಇರ್ತಾರಲ್ಲ."

ಫೋನಿನಲ್ಲಿರುವ ಹೆಸರುಗಳನ್ನು ಮೇಲಿನಿಂದ ಕೆಳಗೆ ನೋಡಿದೆ. ಗ್ಯಾಸ್. ಡೆಂಟಿಸ್ಟ್. ನಲ್ಲಿ ರಿಪೇರಿ. ಪುಸ್ತಕದಂಗಡಿ. ಪೇಪರ್ ಹಾಕುವವ... ಗುರುಬಸವನ ಹೆಸರಿನ ಮೇಲೆ ಬೆರಳು ನಿಂತಿತು. ವಿಜಯಪುರ ದೂರ.

ನವೆಂಬರ್ 16, ಭಾನುವಾರ, ಬೆಳಿಗ್ಗೆ

ತೀರ್ಮಾನವಾಯಿತು. ಯಾಕೂಬಸಾಬರನ್ನೇ ಕೇಳುವುದು. ಯಾರ ಹಕ್ಕಿಯ ರೆಕ್ಕೆ ಮುರಿದೆನೋ ಅವರನ್ನೇ. ನಾಚಿಕೆ ಆಗುತ್ತದೆ, ಆದರೂ. ಅವರು ಒಲ್ಲೆ ಎಂದರೆ ನಾಳೆ ಡ್ರೋನ್ ಪೆಟ್ಟಿಗೆಯಿಂದ ಹೊರಬರುವುದಿಲ್ಲ, ನೌಕರಿ ಇದ್ದರೆ ಇತ್ತು, ಹೋದರೆ ಹೋಯಿತು.

ಅವರ ನಂಬರ್ ನನ್ನ ಹತ್ತಿರ ಇಲ್ಲ. ಹೋಗಿಯೇ ಕೇಳಬೇಕು. ಹೇಗೆ ಕೇಳುವುದು ಎಂದು ಎರಡು ಸಲ ಬರೆದು ಹೊಡೆದು ಹಾಕಿದೆ. ಎರಡೂ ಅನುವಾದದ ಹಾಗೆ ಇದ್ದವು. ನನ್ನ ಜೋಡಿ ಗಬ್ಬೂರಿಗೆ ಬರ್ತೀರೇನ್ರಿ — ಇಷ್ಟು ಸಾಕು.

ಈ ಹೊತ್ತಿಗೆ ಅವರು ಮಾಳಿಗೆಯ ಮೇಲಿರುತ್ತಾರೆ. ಬಾಗಿಲು ಬಡಿದರೆ ಅಲ್ಲಿಗೆ ಕೇಳುವುದಿಲ್ಲ. ಓಣಿಯಲ್ಲಿ ನಿಂತು ಕೂಗಬೇಕು, ನಾಲ್ಕು ಮನೆಯವರು ಹೊರಗೆ ಬಂದು ನೋಡುವ ಹಾಗೆ. ಹಾಗೆ ಯಾರನ್ನಾದರೂ ಕೂಗಿ ಎಷ್ಟು ಕಾಲವಾಯಿತು? ಕೂಗುತ್ತೇನೆ. ಯಾಕೂಬಸಾಬ್ರ ಎನ್ನಲೋ, ಚಾಚಾ ಎನ್ನಲೋ, ಬಸ್ಸಿನಲ್ಲಿ ಯೋಚಿಸುತ್ತೇನೆ. ಹೊರಟೆ.