ಸ್ಪೀಕರ್ ಕದ್ದವಳ ಕಾಗದ

ಹಾಗೆನ್ ಅವರಿಗೆ,

ನಿಮ್ಮ ರೆಸಾರ್ಟಿನ ದೋಣಿಕಟ್ಟೆಯಿಂದ ಸ್ಪೀಕರ್ ಕದ್ದವಳು ನಾನೇ. ಪಾಪ, ಅತಿಥಿಗಳನ್ನು ಅನುಮಾನಿಸಬೇಡಿ.

ದಿನಾ ಸಂಜೆ ಅವರ ಖುಷಿಗೆಂದು ನೀವು ಹಾಕುತ್ತಿದ್ದ ಲೂನ್ ಹಕ್ಕಿಯ ಕೂಗು ಹಾಡಲ್ಲ. ಅದು ಗಂಡು ಲೂನ್ ಇನ್ನೊಂದು ಗಂಡಿಗೆ ಹಾಕುವ ಸವಾಲು. ನಿಮ್ಮ ಬಾಗಿಲಲ್ಲಿ ಯಾವನೋ ನಿಂತು "ಈ ಮನೆ ನಂದು, ಹೊರಗೆ ಬಾರೋ" ಅಂತ ಕೂಗಿದರೆ ನೀವು ಊಟಕ್ಕೆ ಕೂರ್ತೀರಾ?

ನಮ್ಮ ಗಂಡು ಹಕ್ಕಿಯೂ ಕಾವಿಗೆ ಕೂರಲಿಲ್ಲ. ಮೊದಲೇ ಕೆಂಡದಂಥ ಕಣ್ಣು ಅದಕ್ಕೆ. ಕರಿ ಬೆನ್ನಿನ ಬಿಳಿ ಚೌಕಗಳು ನೊರೆಯಲ್ಲಿ ಮುಚ್ಚಿಹೋಗುವಷ್ಟು ನೀರು ಬಡಿಯುತ್ತಾ ಇಲ್ಲದ ವೈರಿಯನ್ನು ಹುಡುಕಿತು. ಅಷ್ಟರಲ್ಲಿ ಕಾಗೆ ಒಂದು ಮೊಟ್ಟೆ ತಿಂದು ಹೋಯಿತು.

ಅವತ್ತೇ ಬಂದು ಹೇಳಿದೆ. "ಬರೀ ಹಕ್ಕಿ ಅಲ್ವೇನಜ್ಜಿ" ಅಂತ ನಕ್ಕಿರಿ. ನಾನು ಮಾಂಗ್ ಕುಲದವಳು. ನೀವು ಲೂನ್ ಅನ್ನುವ ಹಕ್ಕಿಯನ್ನೇ ಈ ನೆಲದ ಮೂಲ ಜನರಾದ ನಾವು ಮಾಂಗ್ ಅನ್ನುತ್ತೇವೆ. ನಕ್ಕಿದ್ದು ಯಾರನ್ನು ನೋಡಿ ಅಂತ ಈಗ ತಿಳಿಯಿತಲ್ಲ.

ಉಳಿದ ಮೊಟ್ಟೆಯ ಮರಿ ತಾಯಿಯ ಬೆನ್ನೇರಿದ ದಿನ ಬಂದು ಸ್ಪೀಕರ್ ತಗೊಂಡು ಹೋಗಿ. ನನ್ನ ಮನೆಯಲ್ಲಿ ಕಾಡು ಅಕ್ಕಿಯ ಮೂಟೆಯ ಹಿಂದೆ ಜೋಪಾನವಾಗಿದೆ. ಅದಕ್ಕೂ ಮುಂಚೆ ಪೊಲೀಸರನ್ನು ಕಳಿಸುವುದಾದರೆ ಧಾರಾಳವಾಗಿ ಕಳಿಸಿ. ಆದರೆ ಮೋಟಾರು ಬೇಡ, ಮೆಲ್ಲಗೆ ಹುಟ್ಟು ಹಾಕಿಕೊಂಡು ಬರಲಿ. ಗೂಡು ದಾರಿಯಲ್ಲೇ ಇದೆ.

ಆಚೆ ದಡದ
ವರ್ನಾ ಕಿಂಗ್‌ಬರ್ಡ್